ಊರಿನ ಹೆಸರಿಲ್ಲದ ವಿಳಾಸ: ಗಡಿಯಲ್ಲಿರುವ ಸೈನಿಕನಿಗೂ ಮನೆಗೂ ನಡುವೆ ಏನೇನು ನಡೆಯುತ್ತದೆ?

ಸೇನೆಯಲ್ಲಿರುವ ಮಗನಿಗೆ ಪತ್ರ ಬರೆಯುವಾಗ ಲಕೋಟೆಯ ಮೇಲೆ ಊರಿನ ಹೆಸರು ಇರುವುದಿಲ್ಲ. ಸೈನಿಕನ ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಪಿನ್ ಕೋಡ್, ಕೊನೆಗೆ 'ಕೇರ್ ಆಫ್ 56 ಎಪಿಒ' ಅಥವಾ 'ಕೇರ್ ಆಫ್ 99 ಎಪಿಒ'. ಅಷ್ಟೇ. ಅವನು ಲಡಾಖ್‌ನಲ್ಲಿದ್ದಾನೋ, ರಾಜಸ್ಥಾನದ ಮರಳಲ್ಲಿದ್ದಾನೋ, ಅರುಣಾಚಲದ ಕಾಡಲ್ಲಿದ್ದಾನೋ, ಲಕೋಟೆ ನೋಡಿದರೆ ತಿಳಿಯುವುದಿಲ್ಲ. ಎಷ್ಟೋ ಸಲ ಬರೆಯುವವರಿಗೂ ಗೊತ್ತಿರುವುದಿಲ್ಲ.

ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್. 56 ದೆಹಲಿಯದು, 99 ಕೋಲ್ಕತ್ತಾದ್ದು. ಕುಂದಗೋಳದಿಂದಲೋ ಅರಕಲಗೂಡಿನಿಂದಲೋ ಹಾಕಿದ ಪತ್ರ ಮೊದಲು ಈ ಎರಡರಲ್ಲಿ ಒಂದು ದೊಡ್ಡ ಕಚೇರಿಗೆ ಹೋಗುತ್ತದೆ. ಯಾವ ಯೂನಿಟ್ ಇವತ್ತು ಎಲ್ಲಿದೆ ಅನ್ನುವ ಪಟ್ಟಿ ಅಲ್ಲಿರುತ್ತದೆ. ಅದನ್ನು ನೋಡಿಕೊಂಡು ಚೀಲ ಕಟ್ಟುತ್ತಾರೆ. ಚೀಲ ಆ ಪ್ರದೇಶದ ಫೀಲ್ಡ್ ಪೋಸ್ಟ್ ಆಫೀಸ್ ಸೇರುತ್ತದೆ. ಅಲ್ಲಿಂದ ಯೂನಿಟ್ಟಿನವರು 'ಡಾಕ್' ತೆಗೆದುಕೊಂಡು ಹೋಗುತ್ತಾರೆ. ಮುಂದಿನ ದಾರಿ ಟ್ರಕ್ಕಿನಲ್ಲಿ, ಕಾಲ್ನಡಿಗೆಯಲ್ಲಿ, ತೀರಾ ಎತ್ತರದ ಪೋಸ್ಟ್ ಆದರೆ ಸೀಮೆಎಣ್ಣೆ ಮತ್ತು ರೇಷನ್ ಜೊತೆ ಹೆಲಿಕಾಪ್ಟರಿನಲ್ಲಿ. ಯೂನಿಟ್ ಜಾಗ ಬದಲಿಸಿದರೆ ಪಟ್ಟಿ ಬದಲಾಗುತ್ತದೆ. ಅಮ್ಮ ಬರೆಯುವ ವಿಳಾಸ ಹಾಗೇ ಇರುತ್ತದೆ.

ಆರ್ಮಿ ಪೋಸ್ಟಲ್ ಸರ್ವಿಸ್ ಸೇನೆಯ ಪ್ರತ್ಯೇಕ ವಿಭಾಗ (ಕೋರ್) ಆಗಿದ್ದು 1972ರ ಮಾರ್ಚ್ 1ರಂದು. ಅದೇ ವರ್ಷ ಆಗಸ್ಟ್ 15ಕ್ಕೆ ದೇಶಕ್ಕೆ ಪಿನ್ ಕೋಡ್ ಬಂತು. ದೇಶವನ್ನು ಒಂಬತ್ತು ವಲಯ ಮಾಡಿದರು. 5ರಿಂದ ಶುರುವಾಗುವುದು ನಮ್ಮದು ಮತ್ತು ನೆರೆಯ ತೆಲುಗು ನಾಡಿನದು. 9ರಿಂದ ಶುರುವಾಗುವುದು ಸೇನೆಯದು. ಸೇನೆಯ ಅಂಚೆಯಲ್ಲಿ ಕೆಲಸ ಮಾಡುವ ಬಹಳಷ್ಟು ಮಂದಿ ಅಂಚೆ ಇಲಾಖೆಯಿಂದ ಡೆಪ್ಯುಟೇಶನ್ ಮೇಲೆ ಹೋದವರು. ಊರಲ್ಲಿ ಸ್ಟಾಂಪ್ ಮಾರುತ್ತಿದ್ದವರು ಅಲ್ಲಿ ಸಮವಸ್ತ್ರ ಹಾಕುತ್ತಾರೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಸೈನಿಕ ಮನೆಯನ್ನು ನೆನೆಯುವುದು ಅಂದ ಕೂಡಲೇ ನಾವು ಕಣ್ಣೀರಿನ ಮಾತಿಗೆ ಹೋಗಿಬಿಡುತ್ತೇವೆ. ಅದು ಸುಳ್ಳಲ್ಲ. ಆದರೆ ಆ ಹಂಬಲದ ಸುತ್ತ ದೊಡ್ಡ ವ್ಯವಸ್ಥೆಯೇ ಇದೆ. ಅಂಚೆ, ಫೋನ್, ರಜೆ, ಕ್ವಾರ್ಟರ್ಸ್, ಕಾನೂನು. ಸೈನಿಕನ ಮನಸ್ಸು ಗಡಿಯಲ್ಲಿ ನೆಲೆ ನಿಲ್ಲುತ್ತದೋ ಇಲ್ಲವೋ ಅನ್ನುವುದು ಇವು ಹೇಗೆ ನಡೆಯುತ್ತವೆ ಅನ್ನುವುದರ ಮೇಲೆ ತುಂಬ ನಿಂತಿದೆ.

ಪತ್ರ ಮೊದಲು ಓದುತ್ತಿದ್ದವರು ಬೇರೆ

ಜಾಗ ಮುಚ್ಚಿಡುವ ಅಭ್ಯಾಸ ಹಳೆಯದು. ಮೊದಲ ಮಹಾಯುದ್ಧದಲ್ಲಿ, 1914ರ ಸೆಪ್ಟೆಂಬರ್ ಕೊನೆಗೆ, ಭಾರತದ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಇಳಿದವು. ಆಮೇಲಿನ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ರಣರಂಗ ನೋಡಿದರು. ಪಂಜಾಬಿಗಳು, ಗಢವಾಲಿಗಳು, ಪಠಾಣರು, ಗೂರ್ಖಾಗಳು. ಬಹುತೇಕರು ರೈತರ ಮಕ್ಕಳು. ಎಷ್ಟೋ ಜನಕ್ಕೆ ಓದು ಬರಹ ಇರಲಿಲ್ಲ. ಅಕ್ಷರ ಬಲ್ಲ ಜೊತೆಗಾರನ ಕೈಲಿ ಪತ್ರ ಬರೆಸುತ್ತಿದ್ದರು. ಊರಿನಲ್ಲೂ ಯಾರೋ ಒಬ್ಬರು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಗಂಡ ಹೆಂಡತಿಗೆ ಬರೆದ ಮಾತು ಅಷ್ಟು ಜನರ ಕಿವಿ ದಾಟಿ ಹೋಗುತ್ತಿತ್ತು.

ನಡುವೆ ಇನ್ನೊಂದು ಕಣ್ಣಿತ್ತು. ಫ್ರಾನ್ಸಿನ ಬೋಲೋನ್ ಪಟ್ಟಣದಲ್ಲಿ ಭಾರತೀಯರ ಅಂಚೆಯನ್ನೇ ಓದಲು ಬ್ರಿಟಿಷರು ಒಂದು ಸೆನ್ಸಾರ್ ಕಚೇರಿ ಇಟ್ಟಿದ್ದರು. ಇ. ಬಿ. ಹೋವೆಲ್ ಅನ್ನುವ ಅಧಿಕಾರಿ ಅದರ ಮುಖ್ಯಸ್ಥ. ಉರ್ದು, ಗುರುಮುಖಿ, ಹಿಂದಿ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಂಗ್ಲಿಷಿಗೆ ಮಾಡಿ, ಮೇಲಿನವರಿಗೆ ವರದಿ ಕಳಿಸುತ್ತಿದ್ದರು. ಹುಡುಕುತ್ತಿದ್ದದ್ದು ರಾಜದ್ರೋಹದ ಮಾತನ್ನು. ಕೊನೆಗೆ ಉಳಿದದ್ದು ಮಾತ್ರ ನೂರಾರು ಮನೆಗಳ ಮಾತು. ಆ ವರದಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪತ್ರ ಬರೆದವರ ಬದುಕಿಗೆ ಮೂಗು ತೂರಿಸಿದ ಕಚೇರಿಯಿಂದಲೇ ಅವರ ದನಿ ನಮಗೆ ಸಿಕ್ಕಿದ್ದು ವಿಪರ್ಯಾಸ.

ಸೈನಿಕರು ದಡ್ಡರಾಗಿರಲಿಲ್ಲ. ಓದುತ್ತಾರೆ ಅಂತ ಗೊತ್ತಿತ್ತು. 'ಕರಿ ಮೆಣಸು ಮುಗಿಯಿತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ' ಎಂಬ ಅರ್ಥದ ಸಾಲುಗಳು ಸಿಗುತ್ತವೆ. ಕರಿ ಮೆಣಸು ಅಂದರೆ ಭಾರತೀಯರು, ಕೆಂಪು ಮೆಣಸು ಅಂದರೆ ಬ್ರಿಟಿಷರು. ನಮ್ಮವರು ಬಹಳ ಸತ್ತಿದ್ದಾರೆ ಅನ್ನುವುದನ್ನು ಅಡುಗೆಮನೆ ಸುದ್ದಿಯ ಹಾಗೆ ಊರಿಗೆ ಮುಟ್ಟಿಸುವ ದಾರಿ ಅದು. 1915ರ ಜನವರಿಯಲ್ಲಿ ಗಾಯಗೊಂಡ ಒಬ್ಬ ರಜಪೂತ ಸೈನಿಕ ಮಾತ್ರ ಒಗಟು ಬಿಟ್ಟು ನೇರವಾಗಿ ಬರೆದ: ಇದನ್ನು ಯುದ್ಧ ಅಂದುಕೊಳ್ಳಬೇಡ, ಇದು ಲೋಕದ ಕೊನೆ, ಮಹಾಭಾರತದಲ್ಲಿ ಕೇಳಿದ್ದೆವಲ್ಲ, ಅಂಥದ್ದು.

ಆದರೆ ಈ ಪತ್ರಗಳಲ್ಲಿ ಜಾಸ್ತಿ ಜಾಗ ಹಿಡಿಯುವುದು ಗುಂಡು ಮದ್ದು ಅಲ್ಲ. ಬೆಳೆ ಹೇಗಿದೆ, ಸಾಲ ತೀರಿತೇ, ಎಮ್ಮೆ ಏನಾಯಿತು, ಜಮೀನಿನ ಕೇಸು ಎಲ್ಲಿಗೆ ಬಂತು, ತಮ್ಮನ ಮದುವೆ ಯಾವಾಗ, ಕಳಿಸಿದ ಹಣ ಕೈಸೇರಿತೇ. ಕಂದಕದಲ್ಲಿ ಕೆಸರಿನಲ್ಲಿ ಕೂತು ಅವರು ಕೇಳುತ್ತಿದ್ದದ್ದು ಇದನ್ನು.

ಮೈಸೂರಿನವರೂ ಆ ಯುದ್ಧದಲ್ಲಿದ್ದರು, ಬೇರೆ ಕಡೆ. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1914ರ ಕೊನೆಗೆ ಈಜಿಪ್ಟ್ ಸೇರಿತು. ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದಿತು. ಹೈಫಾ ವಿಜಯದ ಮಾತು ನಮ್ಮಲ್ಲಿ ಆಗಾಗ ಬರುತ್ತದೆ. ಬೆಂಗಳೂರಿನ ಜೆ. ಸಿ. ನಗರದ ಹತ್ತಿರ ಅವರ ಸ್ಮಾರಕ ಕಂಬವೂ ಇದೆ. ಆದರೆ 1914ಕ್ಕೂ 1918ಕ್ಕೂ ನಡುವಿನ ಆ ನಾಲ್ಕು ವರ್ಷದ ಲೆಕ್ಕ ಯಾರೂ ಹಾಕುವುದಿಲ್ಲ. ಹೊರಟಾಗ ಹುಟ್ಟಿದ ಮಗು ಹೈಫಾ ಗೆದ್ದ ದಿನ ಓಡಾಡುತ್ತಿತ್ತು, ಮಾತಾಡುತ್ತಿತ್ತು, ಅಲ್ವಾ?

ಪತ್ರದ ಜಾಗಕ್ಕೆ ಫೋನ್ ಬಂತು. ಗುಟ್ಟಿನ ಅಗತ್ಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಪತ್ರ ಸಿಕ್ಕಿಬಿದ್ದರೆ ಹಳೆಯ ಸುದ್ದಿ ಹೊರಬೀಳುತ್ತಿತ್ತು. ಫೋನ್ ಆನ್ ಆದರೆ ಈ ಕ್ಷಣದ ಜಾಗವೇ ಹೊರಬೀಳುತ್ತದೆ. 2023ರ ಜನವರಿ 1, ಹೊಸ ವರ್ಷದ ಮೊದಲ ನಿಮಿಷಗಳು. ರಷ್ಯಾ ಹಿಡಿತದಲ್ಲಿದ್ದ ಉಕ್ರೇನಿನ ಮಕಿಯಿವ್ಕಾ ಪಟ್ಟಣದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡಕ್ಕೆ ಉಕ್ರೇನಿನ ರಾಕೆಟ್ ಬಿತ್ತು. 89 ಮಂದಿ ಸತ್ತರು ಅಂತ ರಷ್ಯಾವೇ ಒಪ್ಪಿಕೊಂಡಿತು. ಉಕ್ರೇನ್ ಹೇಳಿದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ನಿಷೇಧ ಇದ್ದರೂ ಸೈನಿಕರು ಒಟ್ಟೊಟ್ಟಿಗೆ ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಎಂದು ರಷ್ಯಾದ ರಕ್ಷಣಾ ಸಚಿವಾಲಯ ಹೇಳಿತು. ಅಷ್ಟು ಜನರನ್ನು ಒಂದೇ ಕಟ್ಟಡದಲ್ಲಿ ತುಂಬಿದ ಅಧಿಕಾರಿಗಳ ತಪ್ಪು ಮುಚ್ಚಲು ಹೀಗೆ ಹೇಳಿದರು ಅನ್ನುವ ಟೀಕೆ ರಷ್ಯಾದಲ್ಲೇ ಬಂತು. ಆ ಟೀಕೆಯಲ್ಲಿ ಹುರುಳಿದೆ. ಆದರೂ ಹೊಸ ವರ್ಷದ ರಾತ್ರಿ ಸೈನಿಕ ಫೋನ್ ಕೈಗೆತ್ತಿಕೊಳ್ಳುವುದು ಯಾರಿಗಾಗಿ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸೇನೆಯೂ ಇದೇ ಭಯದಲ್ಲಿ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ತನ್ನವರಿಗೆ ಹೇಳಿತು. ಮನೆಯವರು ಸಂತೋಷಕ್ಕೆ ಹಾಕುವ ಒಂದು ಫೋಟೋ, 'ನಮ್ಮ ಯಜಮಾನರು ಈಗ ಇಂಥಾ ಕಡೆ' ಅನ್ನುವ ಒಂದು ಸಾಲು, ಎರಡೂ ಅಪಾಯವೇ.

ಅರ್ಧ ಸುದ್ದಿ

ಸಿಯಾಚಿನ್ ತೆಗೆದುಕೊಳ್ಳಿ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾದ ದಿನದಿಂದ ಅಲ್ಲಿ ನಮ್ಮ ಸೈನಿಕರಿದ್ದಾರೆ. ಮೇಲಿನ ಪೋಸ್ಟ್‌ಗಳು ಸಮುದ್ರ ಮಟ್ಟದಿಂದ ಐದೂವರೆ, ಆರು ಸಾವಿರ ಮೀಟರ್ ಎತ್ತರದಲ್ಲಿವೆ. ಚಳಿಗಾಲದಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ ಹೋಗುತ್ತದೆ. ಅಷ್ಟೆತ್ತರದಲ್ಲಿ ನಿದ್ದೆ ಹತ್ತುವುದಿಲ್ಲ, ಹಸಿವು ಸಾಯುತ್ತದೆ, ನೆನಪು ಮಂಕಾಗುತ್ತದೆ. ಹಾಗಾಗಿ ಮೇಲಿನ ಪೋಸ್ಟಿನಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಜಾಸ್ತಿ ಇಡುವುದಿಲ್ಲ.

ಅಲ್ಲಿಂದ ಮನೆಗೆ ಮಾತಾಡಲು ಬಹಳ ಕಾಲ ಇದ್ದದ್ದು ಸ್ಯಾಟಲೈಟ್ ಫೋನ್. ನಿಮಿಷಕ್ಕೆ 5 ರೂಪಾಯಿ, ಮೇಲೆ ತಿಂಗಳ ಬಾಡಿಗೆ. 2017ರ ದೀಪಾವಳಿಗೆ ಸರ್ಕಾರ ಅದನ್ನು ನಿಮಿಷಕ್ಕೆ 1 ರೂಪಾಯಿಗೆ ಇಳಿಸಿತು, ಬಾಡಿಗೆ ತೆಗೆಯಿತು. 2023ರ ಅಕ್ಟೋಬರಿನಲ್ಲಿ ಬಿಎಸ್ಎನ್ಎಲ್ ಹದಿನೈದು ಸಾವಿರ ಅಡಿಗಿಂತ ಮೇಲೆ ಟವರ್ ಹಾಕಿತು. 2025ರ ಜನವರಿಯಲ್ಲಿ ಜಿಯೋ ಕೂಡ ಅಲ್ಲಿಗೆ ತಲುಪಿತು. ಕಾರ್ಗಿಲ್ ಯುದ್ಧದ ಹೊತ್ತಿಗೆ, ಅಂದರೆ 1999ರಲ್ಲಿ, ಜಮ್ಮು ಕಾಶ್ಮೀರದಲ್ಲಿ ಮೊಬೈಲ್ ಸೇವೆಯೇ ಇರಲಿಲ್ಲ. ಕಾಲು ಶತಮಾನದಲ್ಲಿ ಎಷ್ಟು ದೂರ ಬಂದೆವು ನೋಡಿ.

ಹಾಗಾದರೆ ಹಂಬಲ ಕಡಿಮೆಯಾಯಿತೇ? ನನಗೆ ಹಾಗೆ ಅನಿಸುವುದಿಲ್ಲ. ಅದರ ರೂಪ ಬದಲಾಯಿತು. ಪತ್ರದ ಕಾಲದಲ್ಲಿ ಮಗುವಿನ ಜ್ವರದ ಸುದ್ದಿ ತಲುಪುವ ಹೊತ್ತಿಗೆ ಜ್ವರ ಇಳಿದು, ಮಗು ಬೀದಿಯಲ್ಲಿ ಆಡುತ್ತಿರುತ್ತಿತ್ತು. ಇವತ್ತು ಜ್ವರ 102 ಇರುವಾಗಲೇ ಅಪ್ಪನಿಗೆ ಗೊತ್ತಾಗುತ್ತದೆ. ರಾತ್ರಿ ಸಂತ್ರಿ ಡ್ಯೂಟಿಗೆ ಅವನು ಅದನ್ನು ತಲೆಯಲ್ಲಿಟ್ಟುಕೊಂಡೇ ಹೋಗುತ್ತಾನೆ. ಬೆಳಿಗ್ಗೆ ನೆಟ್‌ವರ್ಕ್ ಇಲ್ಲದಿದ್ದರೆ ಆ 102 ಅಲ್ಲೇ ನಿಂತಿರುತ್ತದೆ. ದೂರವನ್ನು ಮನುಷ್ಯ ಹೇಗೋ ಸಹಿಸುತ್ತಾನೆ. ಮನೆಯಲ್ಲಿ ಏನೋ ಆಗಿದೆ ಅಂತ ಗೊತ್ತು, ಪೂರ್ತಿ ಗೊತ್ತಿಲ್ಲ, ಗೊತ್ತಿದ್ದರೂ ಮಾಡಲು ಕೈ ಎಟುಕುವುದಿಲ್ಲ. ಕೊರೆಯುವುದು ಇದು.

ಅದಕ್ಕೇ ಎರಡೂ ಕಡೆಯವರು ಮುಚ್ಚಿಡುತ್ತಾರೆ. ಫೋನಿನ ಮಾತು ಕೇಳಿದವರಿಗೆ ಗೊತ್ತು. 'ಊಟ ಆಯ್ತಾ?' 'ಆಯ್ತು.' 'ಮಳೆ ಆಯ್ತಾ?' 'ಆಯ್ತು.' 'ಅವ್ವ ಹೆಂಗದಾಳ?' 'ಆರಾಮ್ ಅದಾಳ, ನೀ ಚಿಂತಿ ಮಾಡಬ್ಯಾಡ.' ಅವ್ವ ಆಸ್ಪತ್ರೆಯಲ್ಲಿರಬಹುದು. ಅವನು ಹಿಂದಿನ ದಿನ ಶೆಲ್ ದಾಳಿಯ ನಡುವೆ ಬಂಕರಿನಲ್ಲಿ ಕೂತಿರಬಹುದು. ಇಬ್ಬರೂ ಹೇಳುವುದಿಲ್ಲ. ಇಬ್ಬರಿಗೂ ಸಂಶಯ ಇದ್ದೇ ಇರುತ್ತದೆ.

ಸೇನೆಗಳು ಕೂಡ ಇದನ್ನು ಬೇಕಂತಲೇ ಮಾಡಿಸಿವೆ. ಎರಡನೇ ಮಹಾಯುದ್ಧದ ನಂತರ, 1948ರಲ್ಲಿ, ಶಿಲ್ಸ್ ಮತ್ತು ಜನೊವಿಟ್ಜ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಜರ್ಮನ್ ಸೈನಿಕರು ಅಷ್ಟು ಕಾಲ ಯಾಕೆ ಹೋರಾಡಿದರು ಅಂತ ವಿವರಿಸಿ ಬರೆದರು. ಅವರು ಕಂಡಂತೆ, ಸೈನಿಕನನ್ನು ಹಿಡಿದಿಡುವುದು ದೊಡ್ಡ ಸಿದ್ಧಾಂತಗಳಿಗಿಂತ ಹೆಚ್ಚಾಗಿ ಅವನ ಪಕ್ಕದ ನಾಲ್ಕಾರು ಜೊತೆಗಾರರು. ಆ ಹಿಡಿತವನ್ನು ಸಡಿಲಿಸುವ ಬಲ ಇರುವುದು ಮನೆಗೆ. ಹಾಗಾಗಿ ಮನೆಯ ಕಷ್ಟಗಳನ್ನು ಪತ್ರದಲ್ಲಿ ಬರೆಯಬೇಡಿ ಅಂತ ಜರ್ಮನಿಯಲ್ಲಿ ಜನರಿಗೆ ಕಟ್ಟಪ್ಪಣೆಯೇ ಇತ್ತು.

ಜೊತೆಗಾರರ ಮಾತು ನಮ್ಮ ಸೇನೆಗೂ ಸಲ್ಲುತ್ತದೆ. ಪ್ರತಿಯೊಬ್ಬನಿಗೂ ಒಬ್ಬ 'ಬಡ್ಡಿ' (buddy), ಅಂದರೆ ಜೋಡಿ ಗೆಳೆಯ, ಇರುತ್ತಾನೆ. ಪಹರೆಗೆ ಜೊತೆ, ಊಟಕ್ಕೆ ಜೊತೆ. ಇವನು ಎರಡು ದಿನದಿಂದ ಸರಿಯಾಗಿ ತಿನ್ನುತ್ತಿಲ್ಲ ಅಂತ ಮೊದಲು ಗೊತ್ತಾಗುವುದು ಅವನಿಗೆ. ಬೇರೆ ಬೇರೆ ರಾಜ್ಯದವರಿರುವ ಯೂನಿಟ್ಟಿನಲ್ಲಿ ಕನ್ನಡದವನಿಗೆ ಕನ್ನಡದ ಬಡ್ಡಿಯೇ ಸಿಗಬೇಕೆಂದಿಲ್ಲ. ಕನಸು ಕನ್ನಡದಲ್ಲಿ, ಸಂಕಟ ಹೇಳಿಕೊಳ್ಳುವುದು ಹಿಂದಿಯಲ್ಲಿ.

ರಜೆಯ ಲೆಕ್ಕ

ಜವಾನ್ ದರ್ಜೆಯ ಕಾಯಂ ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ಲೀವ್. ಕೇಳಿದವರು 'ಮೂರು ತಿಂಗಳು ರಜೆನಾ!' ಅನ್ನುತ್ತಾರೆ. ಉಳಿದ ಒಂಬತ್ತು ತಿಂಗಳು ಅವನಿಗೆ ಭಾನುವಾರ ಮನೆಗೆ ಹೋಗುವ ಹಾಗಿಲ್ಲ, ಸಂಜೆ ಆರಕ್ಕೆ ಬಾಗಿಲು ತಟ್ಟುವ ಹಾಗಿಲ್ಲ ಅನ್ನುವುದು ಈ ಲೆಕ್ಕದಲ್ಲಿ ಬರುವುದಿಲ್ಲ.

ರಜೆ ಹಕ್ಕಲ್ಲ. ಪೋಸ್ಟಿನಲ್ಲಿ ಇಷ್ಟು ಜನ ಇರಲೇಬೇಕು ಅನ್ನುವ ಸಂಖ್ಯೆ ಇರುತ್ತದೆ. ಅದಕ್ಕಿಂತ ಕಡಿಮೆ ಆಗದ ಹಾಗೆ ಸರದಿಯಲ್ಲಿ ಬಿಡುತ್ತಾರೆ. ನನಗೆ ಯುಗಾದಿಗೆ ಸಿಕ್ಕರೆ ನಿನಗೆ ದೀಪಾವಳಿಗೆ ಸಿಗುವುದಿಲ್ಲ. ಹೆಂಡತಿಯ ಹೆರಿಗೆ, ತಂಗಿಯ ಮದುವೆ, ಕಬ್ಬಿನ ಕಟಾವು, ಎಲ್ಲವೂ ಈ ಸರದಿಯಲ್ಲಿ ನಿಲ್ಲಬೇಕು. ಯುದ್ಧ ಬಂದರೆ ಸರದಿಯೇ ನಿಂತುಹೋಗುತ್ತದೆ. ಕಾರ್ಗಿಲ್ ಸಮಯದಲ್ಲಿ ರಜೆಯಲ್ಲಿದ್ದ ಎಷ್ಟೋ ಸೈನಿಕರು ಅರ್ಧಕ್ಕೇ ಹೊರಟು ಹೋದರು. 1950ರ ಸೇನಾ ಕಾಯ್ದೆಯ 39ನೇ ಕಲಂ ಈ ವಿಷಯದಲ್ಲಿ ಗಟ್ಟಿ. ರಜೆ ಮುಗಿದರೂ ಕಾರಣವಿಲ್ಲದೆ ಉಳಿದರೆ, ತನ್ನ ಯೂನಿಟ್ಟಿಗೆ ಯುದ್ಧಕ್ಕೆ ಕರೆ ಬಂದಿದೆ ಅಂತ ಗೊತ್ತಾದ ಮೇಲೂ ಹೋಗದಿದ್ದರೆ, ಮೂರು ವರ್ಷದವರೆಗೆ ಜೈಲು.

ಇದರ ನಡುವೆ ತುರ್ತು ಬಂದರೆ? ಹಳಬರಿಗೆ ನೆನಪಿರಬಹುದು, 'ಮದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೆಟ್ಲಿ' ಅನ್ನುವ ಟೆಲಿಗ್ರಾಂ. ರಜೆ ಕೇಳಲು ಅದೊಂದು ದಾಖಲೆ. ತಾಯಿ ಗಟ್ಟಿಮುಟ್ಟಾಗಿದ್ದಾಗಲೂ ಅಂಥ ಟೆಲಿಗ್ರಾಂ ಹೋದದ್ದುಂಟು. ಕಮಾಂಡರ್‌ಗಳಿಗೂ ಅದು ಗೊತ್ತಿತ್ತು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಾಗ, ಕೊನೆವರೆಗೂ ಅದನ್ನು ಬಳಸುತ್ತಿದ್ದವರ ಪೈಕಿ ಸೈನಿಕರ ಮನೆಯವರೂ ಇದ್ದರು.

ರಜೆ ಮಂಜೂರಾದರೂ ಮನೆ ದೂರವೇ. ಹಿಮದ ಮೇಲಿನ ಪೋಸ್ಟಿನಿಂದ ಬೇಸ್ ಕ್ಯಾಂಪಿಗೆ ನಡೆದೋ ಹೆಲಿಕಾಪ್ಟರಿನಲ್ಲೋ ಇಳಿಯಬೇಕು. ಅಲ್ಲಿಂದ ಲೇಹ್. ಹವಾಮಾನ ಕೈಕೊಟ್ಟರೆ ವಿಮಾನ ಇಲ್ಲ, ಟ್ರಾನ್ಸಿಟ್ ಕ್ಯಾಂಪಿನಲ್ಲಿ ಕಾಯಬೇಕು. ಚಂಡೀಗಢ ಅಥವಾ ದೆಹಲಿ ತಲುಪಿ ರೈಲು ಹಿಡಿಯಬೇಕು. ಬೆಳಗಾವಿಗೆ ಗೋವಾ ಎಕ್ಸ್‌ಪ್ರೆಸ್, ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್. ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿಕೊಂಡವರು ಆ ಗಾಡಿಗಳಲ್ಲಿ ಯಾವಾಗಲೂ ಕಾಣುತ್ತಾರೆ. ರಿಸರ್ವೇಶನ್ ಇಲ್ಲದೆ ಬಾಗಿಲ ಹತ್ತಿರ ಆ ಟ್ರಂಕಿನ ಮೇಲೇ ಕೂತು ಬರುವವರೂ ಇದ್ದಾರೆ.

ಹೆಂಡತಿ ಮಕ್ಕಳನ್ನು ಜೊತೆಗೇ ಇಟ್ಟುಕೊಳ್ಳಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಯೂನಿಟ್‌ಗಳು 'ಫೀಲ್ಡ್' ಮತ್ತು 'ಪೀಸ್' ನಡುವೆ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಫೀಲ್ಡ್ ಅಂದರೆ ಗಡಿಯಂಥ ಕಾರ್ಯಾಚರಣೆಯ ಜಾಗ. ಪೀಸ್ ಸ್ಟೇಷನ್ ಅಂದರೆ ಬೆಳಗಾವಿ, ಬೆಂಗಳೂರು, ಪುಣೆಯಂಥ ಊರು. ಅಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಸಂಸಾರ ತರಬಹುದು, ಆದರೆ ಎಲ್ಲರಿಗೂ ಸಾಲುವಷ್ಟು ಮನೆಗಳಿರುವುದಿಲ್ಲ. ಫೀಲ್ಡ್‌ಗೆ ಹೋದಾಗ ಸಂಸಾರ ಜೊತೆಗಿರುವ ಹಾಗಿಲ್ಲ. ಅಂಥ ಕುಟುಂಬಗಳಿಗೆಂದೇ ಕೆಲವು ಊರುಗಳಲ್ಲಿ ಪ್ರತ್ಯೇಕ ಕ್ವಾರ್ಟರ್ಸ್ ಇಟ್ಟಿದ್ದಾರೆ. ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯ. ಆ ಶಾಲೆಗಳು ಶುರುವಾಗಿದ್ದೇ 1963ರಲ್ಲಿ, ರೆಜಿಮೆಂಟುಗಳು ನಡೆಸುತ್ತಿದ್ದ 20 ಶಾಲೆಗಳನ್ನು ಕೇಂದ್ರ ಸರ್ಕಾರ ವಹಿಸಿಕೊಂಡು. ವರ್ಗವಾದ ಕಡೆ ಅದೇ ಪುಸ್ತಕ, ಅದೇ ಪಾಠ ಇರಲಿ ಅಂತ. ಅನುಕೂಲವೇನೋ ಆಯಿತು. ರಜೆಗೆ ಊರಿಗೆ ಬಂದ ಮೊಮ್ಮಗ ಅಜ್ಜಿಯ ಹತ್ತಿರ ಹಿಂದಿಯಲ್ಲಿ ನೀರು ಕೇಳುವುದೂ ಆಯಿತು.

ಬಂದವನು ಅತಿಥಿ

ರಜೆಗೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುತ್ತೇವೆ. ಅಮೆರಿಕದಲ್ಲಿ ಕ್ಯಾಥ್ಲೀನ್ ವೆಸ್ಟಲ್ ಲೋಗನ್ ಎಂಬವರು, ತಾವೇ ನೌಕಾಪಡೆ ಅಧಿಕಾರಿಯ ಹೆಂಡತಿ, 1987ರಲ್ಲಿ ಈ ಹೋಗಿಬರುವ ಚಕ್ರವನ್ನು ಏಳು ಹಂತವಾಗಿ ಬರೆದರು. ಗಂಡ ಹೊರಡುವ ಮುಂಚಿನ ದಿನಗಳಲ್ಲೇ ದಂಪತಿ ಒಳಗೊಳಗೇ ದೂರ ಸರಿಯಲು ಶುರುಮಾಡುತ್ತಾರೆ, ಸಣ್ಣದಕ್ಕೆಲ್ಲ ಜಗಳ ಬರುತ್ತದೆ, ಅಗಲಿಕೆಯ ನೋವನ್ನು ತಡೆಯಲು ಮನಸ್ಸು ಹಾಗೆ ಮಾಡುತ್ತದೆ ಎಂದರು. ಹೋದ ಮೇಲೆ ಕೆಲವು ವಾರ ಅಸ್ತವ್ಯಸ್ತ. ಆಮೇಲೆ ಹೆಂಡತಿ ಮನೆಯನ್ನು ತನ್ನ ಹಿಡಿತಕ್ಕೆ ತಂದುಕೊಳ್ಳುತ್ತಾಳೆ. ಅವನು ಬಂದಾಗ ಎಲ್ಲವನ್ನೂ ಮತ್ತೆ ಹೊಂದಿಸಬೇಕು.

ಅದು ಬೇರೆ ದೇಶ, ಬೇರೆ ಸಂಸಾರ. ನಮ್ಮಲ್ಲಿ ಅತ್ತೆ, ಮಾವ, ಮೈದುನ, ನಾದಿನಿ ಇರುತ್ತಾರೆ. ಹೆಂಡತಿಗೆ ಆಸರೆಯೂ ಅವರೇ, ಕೆಲವೊಮ್ಮೆ ಒತ್ತಡವೂ ಅವರೇ. ಆದರೂ ಕಥೆ ಗುರುತು ಸಿಗುತ್ತದೆ. ಬ್ಯಾಂಕು, ಶಾಲೆ, ಮೋಟಾರ್ ರಿಪೇರಿ, ಗೊಬ್ಬರ, ಎಲ್ಲ ನೋಡಿಕೊಂಡವಳು ಅವಳು. ಇವನು ಬಂದು ಎರಡನೇ ದಿನಕ್ಕೆ 'ಇದ್ಯಾಕೆ ಹೀಗೆ?' ಅಂತ ಶುರುಮಾಡುತ್ತಾನೆ. ಚಿಕ್ಕ ಮಗು ಅಪ್ಪನ ಹತ್ತಿರ ಬರಲು ಹೆದರುತ್ತದೆ. ಅದು ಹತ್ತಿರ ಬರುವ ಹೊತ್ತಿಗೆ ಟ್ರಂಕ್ ಮತ್ತೆ ತುಂಬುವ ಸಮಯ. ಇದು ಪ್ರೀತಿ ಕಡಿಮೆಯಾದ ಲಕ್ಷಣ ಅಲ್ಲ ಅಂತ ಇಬ್ಬರಿಗೂ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಜಗಳ ಉಳಿಯುತ್ತಿತ್ತು.

ಸುದ್ದಿಯೇ ನಿಂತಾಗ

1965ರ ಸೆಪ್ಟೆಂಬರ್ 22, ಯುದ್ಧ ಮುಗಿಯುವ ಹೊತ್ತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್ ಕೆ. ಸಿ. ನಂದ ಕಾರ್ಯಪ್ಪ ಅವರ ವಿಮಾನವನ್ನು ಪಾಕಿಸ್ತಾನ ಹೊಡೆದುರುಳಿಸಿತು. ಅವರು ಸೆರೆ ಸಿಕ್ಕರು. ಆಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್. ದೇಶ ಒಡೆಯುವ ಮುಂಚೆ ಅವರು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗ ಕ್ಷೇಮ ಅಂತ ಹೇಳಿಕಳಿಸಿ, ಬೇಕಾದರೆ ಬಿಟ್ಟುಬಿಡುವ ಮಾತನ್ನೂ ಆಡಿಸಿದರು. ಮಡಿಕೇರಿಯಲ್ಲಿದ್ದ ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂದರು. ಕೊಡಗಿನಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆಯ ಮಾತೇ. ಆದರೆ ಆ ತಂದೆಗೆ ಒಂದು ಅನುಕೂಲ ಇತ್ತು: ಮಗ ಬದುಕಿದ್ದಾನೆ ಅನ್ನುವುದು ಅವರಿಗೆ ಖಚಿತವಾಗಿತ್ತು.

ಅದು ಎಷ್ಟು ದೊಡ್ಡ ಅನುಕೂಲ ಅಂತ ಗೊತ್ತಿದ್ದೇ 1949ರ ಜಿನೀವಾ ಒಪ್ಪಂದದಲ್ಲಿ ಒಂದು ನಿಯಮ ಇಟ್ಟಿದ್ದಾರೆ. ಸೆರೆಸಿಕ್ಕ ಸೈನಿಕ ಶಿಬಿರ ತಲುಪಿದ ಒಂದು ವಾರದೊಳಗೆ ತಾನು ಬದುಕಿದ್ದೇನೆ ಅಂತ ಮನೆಗೆ ಕಾರ್ಡ್ ಬರೆಯಲು ಬಿಡಬೇಕು. ಆಮೇಲೆ ಪತ್ರಗಳಿಗೆ ಮಿತಿ ಹಾಕಿದರೂ ತಿಂಗಳಿಗೆ ಕಡೇಪಕ್ಷ ಎರಡು ಪತ್ರ, ನಾಲ್ಕು ಕಾರ್ಡ್.

ಕಾರ್ಡೇ ಬರದ ಮನೆಗಳೂ ಇವೆ. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾಗಿ, ಪಾಕಿಸ್ತಾನದ ಜೈಲುಗಳಲ್ಲಿ ಇದ್ದಾರೆ ಎಂದು ನಂಬಲಾದ 54 ಮಂದಿಯ ಕುಟುಂಬಗಳು ದಶಕಗಟ್ಟಲೆ ಕಾದವು. ಪಾಕಿಸ್ತಾನ ಇಲ್ಲ ಎನ್ನುತ್ತಲೇ ಬಂತು. 2007ರಲ್ಲಿ 14 ಮಂದಿ ಬಂಧುಗಳು ಅಲ್ಲಿಗೆ ಹೋಗಿ ಜೈಲುಗಳನ್ನು ನೋಡಿ ಬರಿಗೈಲಿ ಬಂದರು. ಗಂಡ ಇದ್ದಾನೆ ಅನ್ನುವ ಹಾಗಿಲ್ಲ, ಇಲ್ಲ ಅಂತ ತಿಥಿ ಮಾಡುವ ಹಾಗಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್, ಇಂಥ ಅಸ್ಪಷ್ಟ ನಷ್ಟಕ್ಕೆ ಕೊನೆ ಇರುವುದಿಲ್ಲ, ದುಃಖ ಅಲ್ಲೇ ಹೆಪ್ಪುಗಟ್ಟುತ್ತದೆ ಎಂದು ವಿವರಿಸಿದರು.

2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನಲ್ಲಿ ಇದರ ಒಂದು ತುಣುಕನ್ನು ಇಡೀ ಕರ್ನಾಟಕ ನೋಡಿತು. ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಬದುಕಿರುವ ಸಾಧ್ಯತೆ ತೀರಾ ಕಡಿಮೆ ಎಂದು ಮರುದಿನವೇ ಸೇನೆ ಹೇಳಿತು. 8ರ ರಾತ್ರಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂದೇ ಮನೆ, ಒಂಬತ್ತು ದಿನಗಳಲ್ಲಿ ಮೂರು ಸುದ್ದಿ. ಆ ದಿನಗಳಲ್ಲಿ ಟಿವಿ ಕ್ಯಾಮೆರಾಗಳು ಆ ಅಂಗಳದಲ್ಲೇ ಬೀಡುಬಿಟ್ಟಿದ್ದವು. ಅದು ಸುದ್ದಿ ಹೌದು. ಆದರೆ ಕಾಯುವವರಿಗೆ ಒಂದು ಬಾಗಿಲು ಮುಚ್ಚಿಕೊಳ್ಳುವ ಹಕ್ಕಾದರೂ ಇರಬೇಕಿತ್ತು.

ಮೃತದೇಹ ಮನೆಗೆ ಬರುವುದೂ ಹೊಸ ಪದ್ಧತಿಯೇ. ಹಿಂದಿನ ಯುದ್ಧಗಳಲ್ಲಿ ಸಾಮಾನ್ಯವಾಗಿ ರಣರಂಗದ ಹತ್ತಿರವೇ ಅಂತ್ಯಕ್ರಿಯೆ ಆಗುತ್ತಿತ್ತು. ಮನೆಗೆ ಟೆಲಿಗ್ರಾಂ, ಆಮೇಲೆ ಅವನ ಸಾಮಾನು ಬರುತ್ತಿತ್ತು. ದೊಡ್ಡ ಸಂಖ್ಯೆಯಲ್ಲಿ ಶವಪೆಟ್ಟಿಗೆಗಳನ್ನು ಊರೂರಿಗೆ ಕಳಿಸಿದ್ದು ಕಾರ್ಗಿಲ್ ಯುದ್ಧದಲ್ಲಿ. ಅಲ್ಲಿ ಸತ್ತವರು 527 ಮಂದಿ. ಅವರಲ್ಲೊಬ್ಬರು ಕ್ಯಾಪ್ಟನ್ ವಿಜಯಂತ್ ಥಾಪರ್. ಕೊನೆಯ ದಾಳಿಗೆ ಹೋಗುವ ಮುಂಚೆ ಮನೆಗೆ ಪತ್ರ ಬರೆದಿಟ್ಟಿದ್ದರು. ಅದರಲ್ಲಿ ಧೈರ್ಯದ ಮಾತಿದೆ, ಜೊತೆಗೆ ಕೆಲಸಗಳ ಪಟ್ಟಿಯೂ ಇದೆ. ಅನಾಥಾಶ್ರಮಕ್ಕೆ ಸ್ವಲ್ಪ ಹಣ ಕೊಡಿ, ಕಾಶ್ಮೀರದ ಒಂದು ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುವುದನ್ನು ಮುಂದುವರಿಸಿ. ಫ್ರಾನ್ಸಿನ ಕಂದಕದಿಂದ ಎಮ್ಮೆಯನ್ನು ವಿಚಾರಿಸಿದವರ ಪತ್ರಗಳ ಪಕ್ಕದಲ್ಲೇ ಇದನ್ನು ಇಡಬಹುದು.

ಹೊಲದ ಬದು ಮತ್ತು 1925ರ ಕಾಯ್ದೆ

ಸೈನಿಕರ ಆತ್ಮಹತ್ಯೆಗಳ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಬಂದಾಗಲೆಲ್ಲ ಸರ್ಕಾರ ಕೊಡುವ ಕಾರಣಗಳಲ್ಲಿ ಮನೆಯ ಸಮಸ್ಯೆ, ದಾಂಪತ್ಯದ ಬಿರುಕು, ಹಣದ ತೊಂದರೆ ಇರುತ್ತವೆ. ಮನೆಯ ಸಮಸ್ಯೆ ಅಂದರೆ ಹಳ್ಳಿಯಲ್ಲಿ ಬಹಳ ಸಲ ಜಮೀನು. ಅಣ್ಣ ಗಡಿಯಲ್ಲಿದ್ದಾನೆ, ಪಕ್ಕದವನು ಬದು ಒತ್ತಿದ್ದಾನೆ. ದಾಯಾದಿ ಕೋರ್ಟಿಗೆ ಹೋಗಿದ್ದಾನೆ. ನೋಟಿಸ್ ಬಂದಿದೆ, ಮನೆಯಲ್ಲಿ ವಯಸ್ಸಾದ ಅಪ್ಪ ಮಾತ್ರ. 'ದೇಶ ಕಾಯೋನ ಹೊಲ ಕಾಯೋರಿಲ್ಲ' ಅನ್ನುವ ಸಂಕಟ.

ಇದಕ್ಕೊಂದು ಹಳೆಯ ಕಾನೂನಿದೆ, ಬಹಳ ಕುಟುಂಬಗಳಿಗೆ ಗೊತ್ತಿಲ್ಲ. ಇಂಡಿಯನ್ ಸೋಲ್ಜರ್ಸ್ (ಲಿಟಿಗೇಶನ್) ಆ್ಯಕ್ಟ್, 1925. ಯುದ್ಧದಲ್ಲಿ ಅಥವಾ ಕಾಯ್ದೆ ಹೇಳುವ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಮಾಡುತ್ತಿರುವ ಸೈನಿಕ ಕೋರ್ಟಿಗೆ ಬರಲಾಗದಿದ್ದರೆ, ಅವನ ಪರವಾಗಿ ನಡೆಸಲು ಅಧಿಕಾರ ಪಡೆದ ಇನ್ನೊಬ್ಬರೂ ಇಲ್ಲದಿದ್ದರೆ, ಸಿವಿಲ್ ಕೇಸನ್ನು ತಡೆಹಿಡಿಯಬೇಕು. ನಿಗದಿತ ಸೇನಾ ಅಧಿಕಾರಿಗೆ ಕೋರ್ಟು ನೋಟಿಸ್ ಕಳಿಸುತ್ತದೆ. ನ್ಯಾಯಕ್ಕಾಗಿ ಮುಂದೂಡುವುದು ಅಗತ್ಯ ಅಂತ ಅವರು ಸರ್ಟಿಫಿಕೇಟ್ ಕೊಟ್ಟರೆ ಕೋರ್ಟು ಮುಂದೂಡಬೇಕು. ಎದುರಾಳಿ ಸೈನಿಕ ಅಂತ ಗೊತ್ತಿದ್ದರೆ ದಾವೆ ಹಾಕುವವನೇ ಅದನ್ನು ಅರ್ಜಿಯಲ್ಲಿ ಬರೆಯಬೇಕು. ಜಿಲ್ಲಾಧಿಕಾರಿ ಕೂಡ ಕೋರ್ಟಿಗೆ ತಿಳಿಸಬಹುದು. ಅವನಿಲ್ಲದಾಗ ಏಕಪಕ್ಷೀಯ ತೀರ್ಪು ಬಂದಿದ್ದರೆ ಅದನ್ನು ರದ್ದು ಮಾಡಿ ಎಂದು ಕೇಳಲು ದಾರಿ ಇದೆ.

ಹಾಗಾಗಿ ಮನೆಯವರು ಮಾಡಬೇಕಾದ್ದು ಇಷ್ಟು. ನೋಟಿಸ್ ಬಂದ ದಿನವೇ ಅದರ ನಕಲನ್ನು ಸೈನಿಕನಿಗೆ ಕಳಿಸಿ. 'ಅವನಿಗೆ ಯಾಕೆ ಸುಮ್ನೆ ತಲೆಬಿಸಿ' ಅಂತ ಮುಚ್ಚಿಡಬೇಡಿ. ಅವನು ತನ್ನ ಕಮಾಂಡಿಂಗ್ ಆಫೀಸರ್ ಮುಂದೆ ಇಟ್ಟರೆ, ಯೂನಿಟ್ಟಿನಿಂದ ಜಿಲ್ಲಾಧಿಕಾರಿಗೆ ಪತ್ರ ಬರುತ್ತದೆ. ಇತ್ತ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ ಅರ್ಜಿ ಕೊಡಿ. ಸೈನಿಕನ ನಂಬರ್, ರ‍್ಯಾಂಕ್, ಯೂನಿಟ್ ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಿ, ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಇನ್ನು ಅವನೇ ದಾವೆ ಹಾಕಬೇಕಿದ್ದು ಗಡುವು ಮೀರಿಹೋಯಿತು ಅನ್ನುವ ಭಯ ಇದ್ದರೆ, ಅಂಥ ಸೇವೆಯಲ್ಲಿ ಕಳೆದ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡುವ ನಿಯಮವೂ ಅದೇ ಕಾಯ್ದೆಯಲ್ಲಿದೆ. ವಕೀಲರಿಗೆ ಕಾಯ್ದೆಯ ಹೆಸರು ಮತ್ತು ಇಸವಿ ಹೇಳಿದರೆ ಸಾಕು.